ಇಟಲಿಯ ಫಿರಂಗಿಗೆ ನಾನು ಕೊಟ್ಟ ಅಂಕ

ರಿಯಾದ್‌ನಲ್ಲಿ ನನಗೆ ಶುಕ್ರವಾರ ಎಂದರೆ ಯುದ್ಧದ ದಿನ. ಹೀಗೆ ಹೇಳಿದರೆ ಮಂಗಳೂರಿನ ನೆಂಟರು ಗಾಬರಿಯಾಗುತ್ತಾರೆ. ಅದು ಊಟದ ಮೇಜಿನ ಮೇಲೆ ನಡೆಯುವ ಆಟ. ಮೇಜಿಗೆ ಮರಳಿನ ಬಣ್ಣದ ಬಟ್ಟೆ ಹಾಸಿ, ಹೆಬ್ಬೆರಳಿನ ಗಾತ್ರದ ಟ್ಯಾಂಕು, ಲಾರಿ, ಫಿರಂಗಿಗಳನ್ನು ಜೋಡಿಸಿ, ದಾಳ ಉರುಳಿಸುತ್ತ ಎರಡನೆಯ ಮಹಾಯುದ್ಧದ ಆಫ್ರಿಕಾದ ಕದನಗಳನ್ನು ಮತ್ತೊಮ್ಮೆ ಆಡುತ್ತೇವೆ. ಯಾರಿಗೂ ಗಾಯವಾಗುವುದಿಲ್ಲ. ಆದರೆ ಜಗಳ ಆಗುತ್ತದೆ. ಅಂಥ ಒಂದು ಜಗಳದ ಬಗ್ಗೆ ಬರೆಯುತ್ತಿದ್ದೇನೆ.

ನಾನು ಲೋಹಗಳನ್ನು ಪರೀಕ್ಷಿಸುವ ಇಂಜಿನಿಯರ್. ಕಾರ್ಖಾನೆಗಳಿಗೆ ಬರುವ ಉಕ್ಕಿನ ಪೈಪು, ಪ್ಲೇಟುಗಳ ತುಂಡುಗಳನ್ನು ಎಳೆದು, ಬಡಿದು, ಬಗ್ಗಿಸಿ, ಅವು ಹೇಳಿದಷ್ಟು ಗಟ್ಟಿ ಇವೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ನನ್ನ ಕೆಲಸ. ವಯಸ್ಸು ಐವತ್ತು ದಾಟಿದೆ. ಗಂಡ ಉಡುಪಿಯವನು, ಇಲ್ಲಿಯ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿದ್ದಾನೆ. ಮನೆಮಾತು ಕೊಂಕಣಿ.

ಈ ಆಟಕ್ಕೆ ನನ್ನನ್ನು ಎಳೆದು ತಂದವನು ಇಲ್ಲಿಯ ಬತ್ಹಾ ಪೇಟೆಯ ಒಬ್ಬ ಮೊಬೈಲ್ ಅಂಗಡಿಯವನು. ಉಳ್ಳಾಲದ ಬ್ಯಾರಿ, ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವನು. ಫೋನಿನ ಗಾಜು ಒಡೆದದ್ದಕ್ಕೆ ಅವನ ಅಂಗಡಿಗೆ ಹೋದಾಗ ಗಲ್ಲಾದ ಪಕ್ಕದಲ್ಲಿ ಹಳದಿ ಬಣ್ಣ ಬಳಿದ ಒಂದು ಪುಟ್ಟ ಟ್ಯಾಂಕ್ ಒಣಗುತ್ತಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ತ್ರೀಡಿ ಪ್ರಿಂಟರ್ ಇಟ್ಟುಕೊಂಡು ಅಂಥವನ್ನು ತಾನೇ ಅಚ್ಚು ಹಾಕಿ, ಕೂದಲೆಳೆಯಂಥ ಬ್ರಷ್‌ನಿಂದ ಬಣ್ಣ ಬಳಿಯುತ್ತಿದ್ದ.

ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅವನು ಕೇಳಿದ: "ಅಕ್ಕ, ನಿಮಗೂ ಇದರ ಹುಚ್ಚು, ಮರ್ಲು ಉಂಟಾ?"

"ಮರ್ಲಿಲ್ಲ. ಇದರ ಮುಂದಿನ ಪ್ಲೇಟು ನಿಜವಾದ್ದರಲ್ಲಿ ಎಷ್ಟು ದಪ್ಪ ಇತ್ತು?"

ಅವನು ಕೈಯಲ್ಲಿದ್ದ ನನ್ನ ಫೋನನ್ನು ಕೆಳಗಿಟ್ಟ. "ನೀವು ಈ ಶುಕ್ರವಾರ ಬರ್ಲೇಬೇಕು" ಎಂದ.

ಹಾಗೆ ನಾನು ಆ ಗುಂಪು ಸೇರಿದೆ. ಗುಂಪಿನ ಹಿರಿಯ ಒಬ್ಬ ಇಂಗ್ಲಿಷ್ ಮನುಷ್ಯ. ಒಂದು ಕಂಪನಿಯ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತಿದ್ದರು. ಗೇಟಿನೊಳಗಿನ ವಿಲ್ಲಾ, ದೊಡ್ಡ ಮೇಜು, ಹಾಲು ಹಾಕಿದ ಚಹಾ, ಎಲ್ಲರಿಗೂ ಸ್ವಾಗತ. ಆಟದ ನಿಯಮಗಳನ್ನು ಅವರೇ ಬರೆದಿದ್ದರು. ಪ್ರತಿ ಫಿರಂಗಿಗೂ ಹತ್ತರಲ್ಲಿ ಇಷ್ಟು ಎಂದು ಒಂದು ಅಂಕ, ಅದು ಎಷ್ಟು ದಪ್ಪದ ಉಕ್ಕನ್ನು ತೂರಿಕೊಂಡು ಹೋಗಬಲ್ಲದು ಎಂಬುದರ ಲೆಕ್ಕ. ಪ್ರತಿ ಟ್ಯಾಂಕಿಗೂ ಅದರ ಕವಚಕ್ಕೆ ತಕ್ಕ ಒಂದು ಅಂಕ. ಎರಡನ್ನೂ ಹೋಲಿಸಿ ದಾಳ ಹಾಕಬೇಕು. ಒಗ್ಗಿಕೊಳ್ಳಲು ನನಗೆ ಕಷ್ಟವಾಗಲಿಲ್ಲ.

ಒಂದು ಶುಕ್ರವಾರ ಚೀಟಿ ಎತ್ತಿದಾಗ ನನ್ನ ಪಾಲಿಗೆ ಇಟಲಿ ಬಂತು. ಉಳಿದವರು "ಅಯ್ಯೋ ಪಾಪ" ಎಂದರು. ನನ್ನ ಕೈಗೆ ಸಿಕ್ಕಿದ್ದು ನಲವತ್ತೇಳು ಮಿಲಿಮೀಟರ್ ಬಾಯಿಯ ಸಣ್ಣ ಫಿರಂಗಿಗಳು. ಇಟಲಿಯ ಕಾಲಾಳುಗಳು ಕೈಯಿಂದಲೇ ಎಳೆದುಕೊಂಡು ಹೋಗುತ್ತಿದ್ದ, ಟ್ಯಾಂಕು ಬಂದರೆ ಅದರ ಮೇಲೂ ಹಾರಿಸಬೇಕಾಗಿದ್ದ ಫಿರಂಗಿ. ಎದುರಿನಿಂದ ಬಂದದ್ದು ಬ್ರಿಟಿಷ್ ಸೈನ್ಯದ ಕ್ಯಾರಿಯರ್, ಅಂದರೆ ಸೈನಿಕರನ್ನು ಸಾಗಿಸುವ, ಮೇಲ್ಭಾಗ ತೆರೆದ, ತೆಳು ಕವಚದ, ಟ್ಯಾಂಕಿನ ಹಾಗೆ ಉಕ್ಕಿನ ಪಟ್ಟಿಗಳ ಮೇಲೆ ಓಡುವ ಗಾಡಿ. ನಾನು ಹಾರಿಸಿದೆ. ದಾಳ ಚೆನ್ನಾಗಿಯೇ ಬಿತ್ತು. ಆದರೂ ನಿಯಮದ ಪ್ರಕಾರ ಗುಂಡು ಕವಚ ಭೇದಿಸಲಿಲ್ಲ. ಮೇಜಿನ ಸುತ್ತ ನಗು ಎದ್ದಿತು.

"ಇದಕ್ಕೆ ಎಷ್ಟು ಅಂಕ ಕೊಟ್ಟಿದ್ದೀರಿ?" ಎಂದು ಕೇಳಿದೆ.

"ಎರಡು" ಎಂದರು ಹಿರಿಯರು. "ಇಟಲಿಯವರ ಫಿರಂಗಿ ಅಲ್ಲವೇ. ಎರಡು ಕೊಟ್ಟದ್ದೇ ನನ್ನ ದೊಡ್ಡ ಮನಸ್ಸು."

ಮತ್ತೆ ನಗು. ನಾನು ನಗಲಿಲ್ಲ. ಅದೇ ಜಾತಿಯ ಕ್ಯಾರಿಯರಿನ ಎಡಬದಿಯ ಪ್ಲೇಟನ್ನು ತೂರಿ ಬಂದ ಅದೇ ಜಾತಿಯ ಗುಂಡು ನನ್ನ ಅಜ್ಜನ ಎಡಗಾಲನ್ನು ಮೊಣಕಾಲಿನ ಕೆಳಗಿನಿಂದ ತೆಗೆದುಕೊಂಡು ಹೋಗಿತ್ತು.

ಅಜ್ಜನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಚಿಕ್ಕಂದಿನಲ್ಲಿ ಅವರಿಗೆ ಜಪ, ಪ್ರಾರ್ಥನೆ ಕಲಿಸಿದವರು ಇಟಲಿಯಿಂದ ಮಂಗಳೂರಿಗೆ ಬಂದಿದ್ದ ಒಬ್ಬ ಪಾದ್ರಿ. ಅದೇ ಹುಡುಗ ಬೆಳೆದು ಬ್ರಿಟಿಷರ ಸೈನ್ಯ ಸೇರಿ, ಗಾಡಿ ಓಡಿಸುವವನಾಗಿ ಎರಿಟ್ರಿಯಾದ ಗುಡ್ಡಗಳಿಗೆ ಹೋಗಿ, ಇಟಲಿಯವರ ಗುಂಡಿಗೆ ಸಿಕ್ಕಿದ. ಸ್ಟ್ರೆಚರಿನ ಮೇಲೆ ಹೊತ್ತು ತರುವಾಗ ವಶಪಡಿಸಿಕೊಂಡ ಆ ಫಿರಂಗಿ ದಾರಿಯ ಬದಿಯಲ್ಲೇ ಇತ್ತಂತೆ. ಅಜ್ಜ ಹೊತ್ತವರನ್ನು ನಿಲ್ಲಿಸಿ ಅದನ್ನು ನೋಡಿದರಂತೆ. "ಇಷ್ಟೇ ಇಷ್ಟು ಇತ್ತು. ನೆಲಕ್ಕೆ ಅಂಟಿಕೊಂಡ ಹಾಗೆ" ಎಂದು ನಮಗೆ ಕೈಯಲ್ಲಿ ಎತ್ತರ ತೋರಿಸುತ್ತಿದ್ದರು. ಊರಿಗೆ ಮರಳಿ ಹಂಚಿನ ಕಾರ್ಖಾನೆಯ ಗೇಟಿನಲ್ಲಿ ಕೂತು ಜೀವನ ಕಳೆದರು. ಜರ್ಮನರ ಗುಂಡು ತಿಂದು ಬಂದವರಿಗೆ ಸಿಕ್ಕ ಮರ್ಯಾದೆ ಅವರಿಗೆ ಸಿಗಲಿಲ್ಲ. ನೆರೆಹೊರೆಯವರು ಕುಡಿದಾಗ "ಇಟಲಿಯವರ ಕೈಯಲ್ಲಿ ಪೆಟ್ಟು ತಿಂದವ" ಎಂದು ಕುಶಾಲು ಮಾಡುತ್ತಿದ್ದರು. ಅಜ್ಜ ಪ್ಯಾಂಟಿನ ಕಾಲು ಎತ್ತಿ ಮರದ ಕಾಲನ್ನು ತೋರಿಸಿ, ಮತ್ತೆ ಇಳಿಸುತ್ತಿದ್ದರು.

ಮೇಜಿನ ಮುಂದೆ ನಾನು ಇದನ್ನೆಲ್ಲ ಹೇಳಲಿಲ್ಲ. "ಎರಡು ತಪ್ಪು" ಎಂದಷ್ಟೇ ಹೇಳಿದೆ.

"ಹಾಗಾದರೆ ಎಷ್ಟು?" ಹಿರಿಯರು ಹುಬ್ಬೇರಿಸಿದರು.

"ಈಗ ಗೊತ್ತಿಲ್ಲ. ನೋಡಿ ಹೇಳ್ತೇನೆ."

ನೋಡಲು ಹೊರಟ ಮೇಲೆ ತಿಳಿಯಿತು, ಈ ಪ್ರಶ್ನೆಗೆ ಇರುವ ಉತ್ತರಗಳು ಒಂದಕ್ಕೊಂದು ಹೊಂದುವುದೇ ಇಲ್ಲ ಎಂದು. ಯುದ್ಧಕಾಲದ ಬೇರೆ ಬೇರೆ ಸೈನ್ಯಗಳ ಪರೀಕ್ಷೆಗಳ ಫಲಿತಾಂಶಗಳು ಸಂಗ್ರಹಕಾರರ ನಡುವೆ ಓಡಾಡುತ್ತವೆ. ಒಂದರಲ್ಲಿ ಈ ಫಿರಂಗಿ ಗಟ್ಟಿ, ಇನ್ನೊಂದರಲ್ಲಿ ಅದೇ ದೂರದಲ್ಲಿ ಪೊಳ್ಳು. ನನ್ನ ಜೊತೆಯವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಿದ್ದರು. ನಾನು ಲ್ಯಾಬಿನಲ್ಲಿ ಕೇಳುವ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಿದೆ. ಗುಂಡು ಹೊಡೆದ ಪ್ಲೇಟು ಯಾವ ಉಕ್ಕಿನದು? ಮೇಲ್ಮೈ ಮಾತ್ರ ಗಟ್ಟಿ ಮಾಡಿದ್ದೋ, ಇಡೀ ಪ್ಲೇಟು ಒಂದೇ ಸಮ ಇತ್ತೋ? ಪ್ಲೇಟು ನೆಟ್ಟಗೆ ನಿಂತಿತ್ತೋ, ವಾಲಿತ್ತೋ? ವಾಲಿದ ಪ್ಲೇಟು ಗುಂಡಿಗೆ ಇದ್ದದ್ದಕ್ಕಿಂತ ದಪ್ಪ, ಗುಂಡನ್ನು ಜಾರಿಸಿಬಿಡಲೂಬಹುದು. ಇವೆಲ್ಲಕ್ಕಿಂತ ಮುಖ್ಯವಾಗಿ, ತೂತಾಯಿತು ಎಂದರೆ ಏನು? ಒಂದು ಸೈನ್ಯಕ್ಕೆ ಹಿಂಬದಿಯಲ್ಲಿ ಬೆಳಕು ಕಂಡರೆ ಸಾಕು. ಇನ್ನೊಂದಕ್ಕೆ ಇಡೀ ಗುಂಡು ಆಚೆ ಹೋಗಿ ಬೀಳಬೇಕು. ಒಂದೇ ಫಿರಂಗಿ, ಎರಡು ಉತ್ತರ. ಇಬ್ಬರೂ ಸುಳ್ಳು ಹೇಳಿಲ್ಲ.

ಊಟದ ಹೊತ್ತಿಗೂ ನಾನು ಇದೇ ಮಾತಾಡುತ್ತಿದ್ದೆ. ಗಂಡ ಒಂದು ದಿನ ಮೀನಿನ ಮುಳ್ಳು ಬಿಡಿಸುತ್ತ ಕೇಳಿದ: "ಅಲ್ಲ, ಆ ಫಿರಂಗಿಗೆ ಎರಡಾದರೆಂತ, ಐದಾದರೆಂತ? ಯಾರಿಗೆ ಬೇಕು?"

"ನನಗೆ ಬೇಕು."

"ಆಯ್ತು" ಎಂದ ಅವನು. ಅವನ ಈ "ಆಯ್ತು" ಎನ್ನುವ ಗುಣಕ್ಕೇ ನಾನು ಅವನನ್ನು ಮದುವೆಯಾದದ್ದು.

ಅಷ್ಟರಲ್ಲಿ ಉಳ್ಳಾಲದವನು ಫೋನ್ ಮಾಡಿದ. "ಅಕ್ಕ, ತಾಯಿಫ್‌ನಲ್ಲಿ ಒಬ್ಬ ಮುದುಕರಿದ್ದಾರೆ. ಮನೆಯ ಹಿತ್ತಿಲಲ್ಲೇ ಮ್ಯೂಸಿಯಂ ಮಾಡಿಟ್ಟಿದ್ದಾರೆ, ಹಳೆ ಕಾರು, ಬಂದೂಕು, ಎಲ್ಲ. ಅವರಿಗೆ ಕ್ಯಾಮೆರಾ ಹಾಕಿಕೊಟ್ಟದ್ದು ನಾನೇ. ಅಲ್ಲಿ ಒಂದು ಸಣ್ಣ ಫಿರಂಗಿ ಉಂಟು. ಫೋಟೋ ಕಳಿಸಿದ್ದೇನೆ, ನೋಡಿ."

ಫೋಟೋ ನೋಡಿದೆ. ಅದೇ.

ಮುಂದಿನ ರಜೆಗೆ ಮೂವರೂ ಹೊರಟೆವು. ಇಡೀ ದಾರಿ ಕಾರು ಓಡಿಸಿದ್ದು ನಾನು. ಗಂಡ "ಅರ್ಧ ದಾರಿ ನಾನು ಓಡಿಸ್ತೇನೆ" ಎಂದ. ಬೇಡ ಎಂದೆ. ಈ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲಿ ಹೆಂಗಸರಿಗೆ ಕಾರು ಓಡಿಸಲು ಬಿಡುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ನಾನು ನೋಡಿದ ಮರುಭೂಮಿ ಸಾಕಷ್ಟಾಗಿತ್ತು. ಲೈಸೆನ್ಸ್ ಸಿಕ್ಕಿದ ಮೇಲೆ ಉದ್ದದ ದಾರಿ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುವವಳಾಗಿದ್ದೇನೆ. ಹಿಂದಿನ ಸೀಟಿನಲ್ಲಿ ಉಳ್ಳಾಲದವನು ಖರ್ಜೂರ ತಿನ್ನುತ್ತ, ನನ್ನ ವೇಗ ಹೆಚ್ಚಾದಾಗಲೆಲ್ಲ "ಮೆಲ್ಲ ಮಾರಾಯ್ರೆ, ಅಲ್ಲಿ ಫಿರಂಗಿ ಓಡಿ ಹೋಗುವುದಿಲ್ಲ" ಎನ್ನುತ್ತಿದ್ದ.

ಬೆಟ್ಟದ ಮೇಲಿನ ಊರು ತಾಯಿಫ್ ಮುಟ್ಟುವಾಗ ಗಾಳಿ ತಂಪಾಗಿತ್ತು. ಮುದುಕರು ಗೇಟಿನಲ್ಲೇ ನಿಂತಿದ್ದರು. ನಿವೃತ್ತ ಮೇಷ್ಟ್ರು, ತೆಳ್ಳನೆಯ ಆಳು. ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಗಹ್ವಾ ಕೊಟ್ಟು ಉಪಚಾರ ಮಾಡಿದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, ಫಿರಂಗಿಯ ಬಗ್ಗೆ ಅವನಿಗೇನು ತಿಳಿಯಬೇಕು ಎಂದು ಅರಬ್ಬಿಯಲ್ಲಿ ಕೇಳಿದರು.

ಗಂಡ ನನ್ನ ಕಡೆ ಕೈ ತೋರಿಸಿದ. "ತಿಳಿಯಬೇಕಾದದ್ದು ಇವಳಿಗೆ."

ಮುದುಕರು ಏನೋ ಹೇಳಿದರು. ಉಳ್ಳಾಲದವನು ಮುಜುಗರದಿಂದ ನನ್ನತ್ತ ನೋಡಿದ. "ಹೆಂಗಸರಿಗೆ ಇದೆಲ್ಲ ಯಾಕೆ ಅಂತ ಕೇಳ್ತಿದ್ದಾರೆ ಅಕ್ಕ. ಕೆಟ್ಟ ಮನಸ್ಸಿಂದ ಅಲ್ಲ."

"ನನ್ನ ಅಜ್ಜನ ಕಾಲು ತೆಗೆದದ್ದು ಈ ಜಾತಿಯ ಫಿರಂಗಿ ಎಂದು ಹೇಳು. ಇದರ ಯೋಗ್ಯತೆ ಎಷ್ಟು ಅಂತ ತಿಳಿಯಲು ನನಗಿಂತ ಹೆಚ್ಚು ಹಕ್ಕು ಯಾರಿಗಿದೆ ಎಂದು ಕೇಳು."

ಅವನು ಹೇಳಿದ. ಮುದುಕರು ಒಳಗೆ ಹೋಗಿ ಒಂದು ಹಳೆಯ ಜಮಖಾನೆ ತಂದು ಫಿರಂಗಿಯ ಹಿಂದೆ ನೆಲಕ್ಕೆ ಹಾಸಿದರು. "ಯಲ್ಲಾ", ಅಂದರೆ ಹೂಂ ಶುರುಮಾಡಿ, ಎಂದರು, ಈ ಬಾರಿ ನನಗೇ.

ಅದು ಕೆಂಪು ಸಮುದ್ರದ ಆಚೆಯಿಂದ ಗುಜರಿಯವರ ಕೈಯಿಂದ ಕೈಗೆ ದಾಟಿ ಜಿದ್ದಾಕ್ಕೆ ಬಂದದ್ದಂತೆ. ಕೊಳವೆಯ ಬಾಯಿ ಅಳೆದೆ, ಉದ್ದ ಅಳೆದೆ. ಬಾಯಿಯ ಅಗಲದ ಮೂವತ್ತೆರಡು ಪಟ್ಟು ಉದ್ದ, ಪುಸ್ತಕಗಳಲ್ಲಿ ಹೇಳುವ ಹಾಗೆಯೇ. ಒಳಗೆಲ್ಲ ತುಕ್ಕು. ಗುಂಡಿಲ್ಲ, ಹಾರಿಸುವ ಪ್ರಶ್ನೆಯೇ ಇಲ್ಲ. ಎಷ್ಟು ದಪ್ಪದ ಉಕ್ಕನ್ನು ತೂರುತ್ತಿತ್ತು ಎಂಬ ನನ್ನ ಪ್ರಶ್ನೆಗೆ ಆ ಫಿರಂಗಿ ಏನೂ ಉತ್ತರ ಕೊಡಲಿಲ್ಲ. ಕೊಡುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ.

ಆದರೆ ನಾನು ಜಮಖಾನೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಗುರಿ ಹಿಡಿಯುವವನ ಜಾಗದಲ್ಲಿ ಕಣ್ಣಿಟ್ಟೆ. ಫಿರಂಗಿಯ ಬೆನ್ನು ನಿಂತವನ ಮೊಣಕಾಲಿನ ಆಸುಪಾಸು. ಮುಂದೆ ಗುಂಡು ತಡೆಯುವ ಗುರಾಣಿ ಇಲ್ಲ. ಈ ಫಿರಂಗಿಗೆ ಅದು ಇರಲೇ ಇಲ್ಲ. ಹಾರಿಸುವವನಿಗೂ ಎದುರಿನ ಟ್ಯಾಂಕಿಗೂ ನಡುವೆ ಇದ್ದದ್ದು ಗಾಳಿ ಮಾತ್ರ. ನಾನು ಅಂಗಳದ ಗೇಟಿನ ಕಡೆ ನೋಡಿದೆ. ನನ್ನದೇ ಕಾರು ಅಲ್ಲಿ ನಿಂತಿತ್ತು. ಅಷ್ಟು ಹತ್ತಿರದಿಂದ, ಅಷ್ಟು ಕೆಳಗಿನಿಂದ ಅದು ಮನೆಯಷ್ಟು ದೊಡ್ಡದಾಗಿ ಕಂಡಿತು. ಅಜ್ಜನನ್ನು ಹೊಡೆದವನೂ ಹೀಗೆಯೇ ಮಲಗಿದ್ದ. ಗಾಡಿ ಹತ್ತಿರ ಬರಲಿ ಎಂದು ಕಾದಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಪ್ರೀತಿಯೂ ಬರಲಿಲ್ಲ. ಅವನನ್ನು ನೋಡಿ ನಗುವವರ ಮೇಲೆ ಮಾತ್ರ ಸಿಟ್ಟು ಬಂತು.

"ಏಳ್ತೀಯಾ, ಎತ್ತಬೇಕಾ?" ಗಂಡ ಕೇಳಿದ.

ನಾನೇ ಎದ್ದೆ.

ರಿಯಾದ್‌ಗೆ ಮರಳಿದ ಮೇಲೆ ಲೆಕ್ಕ ಮುಗಿಸಿದೆ. ಬೇರೆ ಬೇರೆ ಸೈನ್ಯಗಳ ಅಂಕಿಗಳನ್ನು ಒಂದೇ ಅಳತೆಗೆ ತಂದೆ: ಒಂದೇ ತರಹದ ಪ್ಲೇಟು, ಒಂದೇ ವಾಲು, ತೂತು ಎಂದರೆ ಇಡೀ ಗುಂಡು ಒಳಗೆ ಹೋಗಬೇಕು. ಅರ್ಧ ಕಿಲೋಮೀಟರ್ ದೂರದಿಂದ ಸುಮಾರು ನಲವತ್ತು ಮಿಲಿಮೀಟರ್ ಉಕ್ಕು ಎಂಬಲ್ಲಿಗೆ ಬಂದು ನಿಂತಿತು. ಅಂದರೆ ಯುದ್ಧದ ಮೊದಲ ವರ್ಷಗಳ ಬ್ರಿಟಿಷ್ ಕ್ಯಾರಿಯರ್, ಹಗುರ ಟ್ಯಾಂಕು, ವೇಗದ ಟ್ಯಾಂಕು ಇವನ್ನೆಲ್ಲ ಅದು ತೂರುತ್ತಿತ್ತು. ಬ್ರಿಟಿಷರ ಅತಿ ದಪ್ಪ ಕವಚದ ಟ್ಯಾಂಕಿನ ಮುಂದೆ ಮಾತ್ರ ಕೈಕಟ್ಟಿ ಕೂರಬೇಕು. ಇಟಲಿಯ ಫಿರಂಗಿ ಎಂದರೆ ತಮಾಷೆ ಎಂಬ ಮಾತು ಹುಟ್ಟಿದ್ದು ಆ ಒಂದು ಟ್ಯಾಂಕಿನಿಂದ ಎಂದು ನನಗನ್ನಿಸುತ್ತದೆ. ಆದರೆ ಆ ದಿನಗಳಲ್ಲಿ ಅದರ ಮುಂದೆ ಬೇರೆಯವರ ಸಣ್ಣ ಫಿರಂಗಿಗಳೂ ಹಾಗೆಯೇ ಕೂತಿದ್ದವು. ಅವುಗಳನ್ನು ನೋಡಿ ಯಾರೂ ನಗುವುದಿಲ್ಲ.

ನಾನು ಐದು ಅಂಕ ಕೊಟ್ಟೆ.

ಶುಕ್ರವಾರ ಹಿರಿಯರ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಈ ಬಾರಿ ಅಜ್ಜನ ಕಾಲಿನ ಕಥೆಯನ್ನೂ ಹೇಳಿದೆ. ಅವರು ಗಂಭೀರವಾಗಿಯೇ ಕೇಳಿದರು. ಚಹಾದ ಬಟ್ಟಲು ಕೆಳಗಿಟ್ಟರು.

"ನಿಮ್ಮ ಅಜ್ಜನ ಬಗ್ಗೆ ನನಗೆ ಗೌರವ ಇದೆ. ನನ್ನ ಅಜ್ಜನೂ ಅದೇ ಯುದ್ಧದಲ್ಲಿ ಇದ್ದವರು. ಆದರೆ ಇದು ಆಟ. ಆಟಕ್ಕೆ ಒಂದು ಸ್ವಭಾವ ಬೇಕು. ಇಟಲಿಯವರು ಸೋತರು. ಆಟದಲ್ಲೂ ಸೋಲಬೇಕು."

"ಸೋಲಲಿ. ಸೋಲಲು ಬೇಕಾದ ಕಾರಣಗಳು ಅವರಿಗೆ ಬೇಕಾದಷ್ಟಿದ್ದವು. ಈ ಫಿರಂಗಿಯ ಅಂಕವನ್ನು ನೀವು ಕಡಿಮೆ ಮಾಡಬೇಕಾಗಿಲ್ಲ."

"ನೀವು ಇಟಲಿಯ ಪರ ವಾದ ಮಾಡ್ತಿದ್ದೀರಿ."

ನನಗೆ ರೇಗಿತು. "ಇಟಲಿ ಬೇರೆಯವರ ನೆಲ ಕಿತ್ತುಕೊಳ್ಳಲು ಆಫ್ರಿಕಾಕ್ಕೆ ಹೋಗಿತ್ತು. ನನ್ನ ಅಜ್ಜನನ್ನು ಅಲ್ಲಿಗೆ ಕಳಿಸಿದವರೂ ನಮ್ಮ ನೆಲದಲ್ಲಿ ಅದೇ ಕೆಲಸ ಮಾಡುತ್ತಿದ್ದರು. ನಾನು ಯಾರ ಪರವೂ ಅಲ್ಲ. ಈ ಪ್ಲೇಟು ಇಷ್ಟು ದಪ್ಪ, ಈ ಗುಂಡು ಇಷ್ಟು ವೇಗ. ಅದರ ಪರ."

ಉಳ್ಳಾಲದವನು ತನ್ನ ಟ್ಯಾಂಕಿನ ಮೇಲಿನ ಇಲ್ಲದ ಧೂಳನ್ನು ಒರೆಸುತ್ತಿದ್ದ.

"ನಿಯಮ ನನ್ನದು" ಎಂದರು ಹಿರಿಯರು, ಮೆಲ್ಲನೆ. "ಒಪ್ಪಿಗೆ ಇಲ್ಲದಿದ್ದರೆ ನಿಮ್ಮದೇ ಮಾಡಿಕೊಳ್ಳಿ."

"ಮಾಡಿಕೊಳ್ತೇನೆ" ಎಂದು ಹೇಳಿ ನನ್ನ ಚಹಾ ಮುಗಿಸಿಯೇ ಎದ್ದೆ. ಚೆನ್ನಾಗಿತ್ತು, ಬಿಡಲು ಮನಸ್ಸಾಗಲಿಲ್ಲ.

ಆ ವಾರವೇ ನಮ್ಮ ಮನೆಯ ಊಟದ ಮೇಜು ಎರಿಟ್ರಿಯಾ ಆಯಿತು. ಗುಡ್ಡಗಳಿಗೆ ನನ್ನ ಹಳೆಯ ಅಡುಗೆ ಪಾತ್ರೆಗಳನ್ನು ಬಟ್ಟೆಯ ಅಡಿಯಲ್ಲಿ ಬೋರಲು ಹಾಕಿದೆ. ಆಡಲು ಬಂದದ್ದು ಉಳ್ಳಾಲದವನು ಒಬ್ಬನೇ. ಗಂಡನನ್ನು ತೀರ್ಪುಗಾರನಾಗಿ ಕೂರಿಸಿದೆವು. ಅವನು ನಡುನಡುವೆ ಕ್ರಿಕೆಟ್ ನೋಡುತ್ತ, ಕೇಳಿದಾಗ ಮಾತ್ರ ತೀರ್ಪು ಕೊಡುತ್ತಿದ್ದ.

"ಅಕ್ಕ, ಅಲ್ಲಿ ಏಳೆಂಟು ಜನ ಇದ್ದಾರೆ. ಇಲ್ಲಿ ನಾವಿಬ್ಬರೇ. ಬೇಜಾರಿಲ್ವಾ?"

"ಅಲ್ಲಿ ಸುಳ್ಳು ಲೆಕ್ಕದಲ್ಲಿ ಗೆಲ್ಲುವುದಕ್ಕಿಂತ ಇಲ್ಲಿ ನಿನ್ನ ಕೈಯಲ್ಲಿ ಸೋಲುವುದೇ ಲೇಸು."

"ಸೋಲಿಸ್ತೇನೆ ಹಾಗಾದರೆ" ಎಂದು ಅವನು ಸೋಲಿಸಿಯೂ ಬಿಟ್ಟ.

ಕೆಲವು ವಾರಗಳಲ್ಲಿ ಇನ್ನೊಬ್ಬರು ಬಂದರು. ಆಮೇಲೆ ಇನ್ನಿಬ್ಬರು. ಕೋಳಿಸಾರಿನ ಜೊತೆ ನಮ್ಮ ಮನೆಯಲ್ಲಿ ಬಡಿಸುವ ಕೋರಿ ರೊಟ್ಟಿಯ ಆಸೆಗೆ ಬರುತ್ತಾರೆ ಎಂದು ಗಂಡ ಹೇಳಿದ. ಇರಬಹುದು. ಬಂದವರು ನಿಯಮವನ್ನು ಒಪ್ಪಿಕೊಂಡೇ ಆಡುತ್ತಿದ್ದರು.

ಆಗ ಹಿರಿಯರಿಂದ ಒಂದು ಉದ್ದ ಸಂದೇಶ ಬಂತು. ಬಯ್ದಿರಬೇಕು ಎಂದುಕೊಂಡು ತೆರೆದೆ. ಬಯ್ದಿರಲಿಲ್ಲ. ನನ್ನ ಲೆಕ್ಕದಲ್ಲಿ ಗುಂಡಿನ ಉಕ್ಕು ಯಾವಾಗಲೂ ಒಂದೇ ಗುಣಮಟ್ಟದ್ದು ಎಂದು ಅಂದುಕೊಂಡಿದ್ದೇನೆ, ಅದು ಸರಿಯೇ ಎಂದು ಕೇಳಿದ್ದರು. ಯುದ್ಧಕಾಲದ ಅವಸರದಲ್ಲಿ ತಯಾರಾದ ಗುಂಡುಗಳಲ್ಲಿ ಕೆಲವು ಗಟ್ಟಿ ಪ್ಲೇಟಿಗೆ ಬಡಿದು ಒಡೆದು ಚೂರಾಗುತ್ತಿರಲಿಲ್ಲವೇ? ಲೋಹದ ಕೆಲಸ ಮಾಡುವ ನೀವು ಇದನ್ನು ಹೇಗೆ ಬಿಟ್ಟಿರಿ?

ಪ್ರಶ್ನೆ ನ್ಯಾಯವಾಗಿತ್ತು. ಎರಡು ದಿನ ಅದನ್ನೇ ಯೋಚಿಸಿದೆ. ಪ್ರತಿ ಫಿರಂಗಿಗೂ ಅನ್ವಯಿಸುವ ಒಂದು ಹೊಸ ನಿಯಮ ಸೇರಿಸಿದೆ: ದಾಳ ತೀರ ಕೆಟ್ಟದಾಗಿ ಬಿದ್ದರೆ ಗುಂಡು ಪ್ಲೇಟಿನ ಮೇಲೆ ಒಡೆದುಹೋಗುತ್ತದೆ. ಇಟಲಿಯದ್ದಕ್ಕೆ ಮಾತ್ರ ಅಲ್ಲ, ಎಲ್ಲರದ್ದಕ್ಕೂ. ಐದು ಐದಾಗಿಯೇ ಉಳಿಯಿತು. ಹಿರಿಯರಿಗೆ ಬರೆದೆ: "ನೀವು ಹೇಳಿದ್ದು ಸರಿ, ಸೇರಿಸಿದ್ದೇನೆ. ಅಂಕ ಇಳಿಸುವುದಿಲ್ಲ. ಬಂದು ಆಡಿ ನೋಡಿ."

ಬಂದರು. ಬಿಸ್ಕತ್ತಿನ ಡಬ್ಬಿ ತಂದಿದ್ದರು. ಬ್ರಿಟಿಷರ ಕಡೆ ಕೂತರು. ನನಗೆ ಇಟಲಿ. ಅವರ ಹಗುರ ಟ್ಯಾಂಕುಗಳು ಮೊದಲು ಬಂದವು. ಹತ್ತಿರ ಬರುವವರೆಗೆ ಕಾದು ಒಂದಾದ ಮೇಲೊಂದರಂತೆ ತೂತು ಮಾಡಿದೆ. ಕೊನೆಗೆ ಕ್ಯಾರಿಯರ್ ಬಂತು. ಅದನ್ನೂ ಹೊಡೆದೆ. ಹೊಡೆದ ಮೇಲೆ ಆ ಪುಟ್ಟ ಗಾಡಿಯನ್ನು ಮೇಜಿನಿಂದ ಎತ್ತಿ ತೆಗೆಯಬೇಕಾದದ್ದು ನಾನೇ. ಕೈ ಒಂದು ಕ್ಷಣ ನಿಂತಿತು. ಹಿರಿಯರು ಅದನ್ನು ಗಮನಿಸಿ, ತಾವೇ ಎತ್ತಿ ಪಕ್ಕಕ್ಕಿಟ್ಟರು.

ಆಮೇಲೆ ಅವರು ತಮ್ಮ ದಪ್ಪ ಟ್ಯಾಂಕುಗಳನ್ನು ಇಳಿಸಿದರು. ನನ್ನ ಒಂದು ಗುಂಡೂ ಅವುಗಳ ಕವಚವನ್ನು ತೂರಲಿಲ್ಲ. ಪಾತ್ರೆಯ ಗುಡ್ಡಗಳ ನಡುವೆ ಅವು ನನ್ನ ಫಿರಂಗಿಗಳನ್ನು ಒಂದೊಂದಾಗಿ ತುಳಿದುಕೊಂಡು ಹೋದವು.

"ಸೋತಿರಿ" ಎಂದರು ಹಿರಿಯರು.

"ಸೋತೆ. ಆದರೆ ಸೋಲಬೇಕಾದ ಕಾರಣಕ್ಕೆ ಸೋತೆ."

ಅವರು ತಲೆಯಾಡಿಸಿದರು. ಇನ್ನೊಂದು ತುಂಡು ಕೋರಿ ರೊಟ್ಟಿ ಹಾಕಿಸಿಕೊಂಡರು.

ಕೆಲವು ತಿಂಗಳ ನಂತರ ಅವರ ನಿಯಮ ಪುಸ್ತಿಕೆಯ ಹೊಸ ಆವೃತ್ತಿ ಬಂತು. ಇಟಲಿಯ ನಲವತ್ತೇಳರ ಫಿರಂಗಿಯ ಮುಂದೆ ಐದು ಎಂದಿತ್ತು. ಗುಂಡು ಒಡೆಯುವ ನಿಯಮವೂ ಇತ್ತು. ಸಹಾಯ ಮಾಡಿದವರಿಗೆ ವಂದನೆ ಹೇಳುವ ಪುಟದಲ್ಲಿ ನನ್ನ ಹೆಸರಿರಲಿಲ್ಲ.

ಉಳ್ಳಾಲದವನು, "ಹೋಗಲಿ ಬಿಡಿ ಅಕ್ಕ, ಅಂಕ ಬಂತಲ್ಲ" ಎಂದ. ಗಂಡನೂ ಮೊದಲ ಬಾರಿಗೆ "ಆಯ್ತು" ಎನ್ನದೆ "ಬಿಡು" ಎಂದ. ನಾನು ಬಿಡಲಿಲ್ಲ. ಹಿರಿಯರಿಗೆ ಫೋನ್ ಮಾಡಿ ಕೇಳಿದೆ.

"ಮರೆತೇಹೋಯಿತು. ಸಣ್ಣ ಪುಸ್ತಿಕೆ, ಸಣ್ಣ ವಿಷಯ" ಎಂದರು.

"ಸಣ್ಣ ವಿಷಯವಾದರೆ ಸೇರಿಸುವುದೂ ಸುಲಭ" ಎಂದೆ.

ಸೇರಿಸಿದರು. ಸ್ಪೆಲ್ಲಿಂಗ್ ತಪ್ಪಿತ್ತು. ಮತ್ತೆ ಫೋನ್ ಮಾಡಿ ಅದನ್ನೂ ಸರಿ ಮಾಡಿಸಿದೆ. ಈಗ ಅದೇ ಪುಸ್ತಿಕೆಯಲ್ಲಿ ಇಟಲಿಯವರ ಇನ್ನೊಂದು ಫಿರಂಗಿಯ ಅಂಕ ನೋಡುತ್ತಿದ್ದೇನೆ, ಗುಡ್ಡಗಾಡಿಗೆಂದು ಮಾಡಿ ಆಮೇಲೆ ಕಾಲಾಳುಗಳ ಕೈಗೆ ಕೊಟ್ಟ ಅರುವತ್ತೈದು ಮಿಲಿಮೀಟರಿನದು. ಅದೂ ತಪ್ಪಿದೆ. ಈ ಬಾರಿ ಹೆಚ್ಚು ಕೊಟ್ಟಿದ್ದಾರೆ.